ಕಾರ್ಡು ಹೊಸದು, ಪ್ರೊಸೆಸರ್ ಹಳೆಯದು: ಗೇಮಿಂಗ್ ಕಂಪ್ಯೂಟರಿನ ಹೊಂದಾಣಿಕೆಯ ಲೆಕ್ಕ

ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬಂದು ಕೂರುತ್ತದೆ. ಆಟದ ಸೆಟ್ಟಿಂಗ್‌ಗಳನ್ನೆಲ್ಲ ಮೇಲಕ್ಕೇರಿಸಿದರೆ ಚಿತ್ರ ಹೊಳೆಯುತ್ತದೆ. ಆದರೆ ಆಟದ ಪಾತ್ರ ಜನ ಕಿಕ್ಕಿರಿದ ಪೇಟೆಬೀದಿಗೆ ಕಾಲಿಟ್ಟೊಡನೆ ಚಲನೆ ತಡವರಿಸುತ್ತದೆ. ಸೆಟ್ಟಿಂಗ್ ಇಳಿಸಿದರೂ ತಡವರಿಕೆ ನಿಲ್ಲುವುದಿಲ್ಲ. ಕಾರ್ಡೇ ಕೆಟ್ಟಿದೆಯೇನೋ ಎಂಬ ಅನುಮಾನ ಮೊದಲು ಬರುತ್ತದೆ. ಇಂಥ ಕಡೆ ಸಾಮಾನ್ಯವಾಗಿ ಕಾರ್ಡ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಕೆಲಸ ಒದಗಿಸಬೇಕಾದ ಪ್ರೊಸೆಸರ್ ಹಿಂದೆ ಬಿದ್ದಿರುತ್ತದೆ.

ನಮ್ಮಲ್ಲಿ ಗೇಮಿಂಗ್ ಕಂಪ್ಯೂಟರನ್ನು ಒಂದೇ ಸಲಕ್ಕೆ ಪೂರ್ತಿ ಬದಲಿಸುವವರು ಕಡಿಮೆ. ಒಂದು ವರ್ಷ ಕಾರ್ಡ್, ಇನ್ನೊಂದು ವರ್ಷ ಮಾನಿಟರ್, ಮತ್ತೊಮ್ಮೆ ರ್‍ಯಾಮ್ ಎಂದು ಕೈಯಲ್ಲಿ ಹಣವಿದ್ದಂತೆ ಒಂದೊಂದೇ ಭಾಗ ಹೊಸದಾಗುತ್ತದೆ. ಹಾಗಾಗಿ ‘ಈ ಕಾರ್ಡಿಗೆ ಯಾವ ಪ್ರೊಸೆಸರ್ ಹಾಕಲಿ?’ ಎಂಬ ಪ್ರಶ್ನೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಿಂದ ಹಿಡಿದು ಕಾಲೇಜು ಹಾಸ್ಟೆಲುಗಳವರೆಗೆ ಎಲ್ಲೆಲ್ಲೂ ಕೇಳಿಬರುತ್ತದೆ. ಉತ್ತರವಾಗಿ ಸಿಗುವುದು ಒಂದು ಮಾಡೆಲ್ ಹೆಸರು ಮಾತ್ರ. ಆ ಹೆಸರಿನ ಹಿಂದೆ ಒಂದು ಸರಳವಾದ, ಯಾರು ಬೇಕಾದರೂ ಮಾಡಬಹುದಾದ ಲೆಕ್ಕವಿದೆ. ಪ್ರೊಸೆಸರನ್ನು ಆರಿಸಬೇಕಾದ್ದು ಕಾರ್ಡಿನ ಹೆಸರು ನೋಡಿ ಅಲ್ಲ, ನಿಮ್ಮ ಪರದೆ ಕೇಳುವ ಫ್ರೇಮ್ ದರ ನೋಡಿ ಎಂಬುದು ಆ ಲೆಕ್ಕದ ಸಾರ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿಜವಾದ ಜೋಡಿಯನ್ನೇ ಹಿಡಿಯೋಣ. ಕಾರ್ಡ್: ಎನ್‌ವಿಡಿಯಾ ಕಂಪನಿ 2021ರ ಫೆಬ್ರುವರಿಯಲ್ಲಿ ಹೊರತಂದ ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿಯದು. ಮಧ್ಯಮ ದರ್ಜೆಯ ಕಾರ್ಡ್‌ಗಳಲ್ಲಿ ಜಗತ್ತಿನಾದ್ಯಂತ ಬಹಳ ಜನ ಬಳಸುತ್ತಿರುವುದು ಇದು. ಪ್ರೊಸೆಸರ್: ಎಎಂಡಿ 2018ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ರೈಜೆನ್ 5 2600. ಕೂತಿರುವುದು ಬಿ450 ಮದರ್‌ಬೋರ್ಡಿನ ಮೇಲೆ.

ಒಂದು ಫ್ರೇಮ್ ಹುಟ್ಟುವ ಬಗೆ

ಪರದೆಯ ಮೇಲೆ ಕಾಣುವ ಚಲನೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್, 144 ಬೇಕಾದರೆ 6.9 ಮಿಲಿಸೆಕೆಂಡ್ ಮಾತ್ರ. ಸಿನಿಮಾದ ಫ್ರೇಮ್‌ಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದಲ್ಲಿ ಮುಂದಿನ ಚಿತ್ರ ಆಡುವವರ ಬೆರಳಿನ ಮೇಲೆ ನಿಂತಿರುವುದರಿಂದ ಪ್ರತಿಯೊಂದನ್ನೂ ಆ ಕ್ಷಣದಲ್ಲೇ ಹೊಸದಾಗಿ ಕಟ್ಟಬೇಕು.

ಕಟ್ಟುವ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೌಸ್ ಎತ್ತ ತಿರುಗಿತು, ಎದುರಾಳಿ ಈಗ ಏನು ಮಾಡಬೇಕು, ಹಾರಿದ ಗುಂಡು ಗೋಡೆಗೆ ತಗುಲಿತೇ, ಉರುಳಿದ ಡ್ರಮ್ಮು ಎಲ್ಲಿ ನಿಂತಿತು, ಸರ್ವರ್‌ನಿಂದ ಬಂದ ಸುದ್ದಿ ಏನು ಎಂಬುದನ್ನೆಲ್ಲ ಪ್ರೊಸೆಸರ್ ತೀರ್ಮಾನಿಸುತ್ತದೆ. ಬಳಿಕ ಕ್ಯಾಮೆರಾದ ಕಣ್ಣಿಗೆ ಬೀಳುವ ವಸ್ತುಗಳನ್ನಷ್ಟೇ ಆರಿಸಿ ‘ಇದನ್ನು ಬರೆ, ಅದನ್ನು ಬರೆ’ ಎಂದು ಸಾವಿರಾರು ಆದೇಶಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ಕಳಿಸುತ್ತದೆ. ಎರಡನೆಯ ಹಂತದಲ್ಲಿ ಕಾರ್ಡ್ ಆ ಆದೇಶಗಳನ್ನು ತ್ರಿಕೋನಗಳಾಗಿ, ತ್ರಿಕೋನಗಳನ್ನು ಬಣ್ಣದ ಪಿಕ್ಸೆಲ್‌ಗಳಾಗಿ ಮಾಡುತ್ತದೆ. ಆರ್‌ಟಿಎಕ್ಸ್ 3060ರಲ್ಲಿ 3,584 ಪುಟ್ಟ ಕೋರ್‌ಗಳಿವೆ. ರೈಜೆನ್ 5 2600ರಲ್ಲಿ ದೊಡ್ಡ ಕೋರ್‌ಗಳು ಆರೇ ಆರು. ಮನೆ ಕಟ್ಟುವಲ್ಲಿ ಮೇಸ್ತ್ರಿ ದಾರ ಹಿಡಿದು ಗುರುತು ಹಾಕಿಕೊಡುವವರೆಗೆ ಎಷ್ಟೇ ಆಳುಗಳಿದ್ದರೂ ಗೋಡೆ ಏಳದು. ಪ್ರೊಸೆಸರ್ ಮತ್ತು ಕಾರ್ಡಿನ ಸಂಬಂಧವೂ ಅಂಥದೇ.

ಕಾರ್ಡ್ ಒಂದು ಫ್ರೇಮನ್ನು ಬರೆಯುತ್ತಿರುವಾಗಲೇ ಪ್ರೊಸೆಸರ್ ಮುಂದಿನದರ ಲೆಕ್ಕಕ್ಕೆ ಕೈಹಾಕಿರುತ್ತದೆ. ಹೀಗಾಗಿ ಇಬ್ಬರ ಸಮಯವನ್ನು ಕೂಡಿಸಬೇಕಿಲ್ಲ. ಇಬ್ಬರಲ್ಲಿ ಯಾರು ನಿಧಾನವೋ ಅವರ ಸಮಯವೇ ಫ್ರೇಮಿನ ಸಮಯ. ನಿಧಾನವಾದ ಆ ಹಂತಕ್ಕೇ ‘ಬಾಟಲ್‌ನೆಕ್’ ಎನ್ನುವುದು. ಯಾವ ಕಂಪ್ಯೂಟರಿನಲ್ಲೂ ಯಾವುದಾದರೊಂದು ಭಾಗ ಬಾಟಲ್‌ನೆಕ್ ಆಗಿಯೇ ಇರುತ್ತದೆ. ಅದು ಕಾರ್ಡೇ ಆಗಿದ್ದರೆ ಒಳ್ಳೆಯದು. ಕಾರ್ಡಿನ ಹೊರೆಯನ್ನು ಸೆಟ್ಟಿಂಗ್‌ಗಳಿಂದ ಬೇಕಾದಂತೆ ಏರಿಸಬಹುದು, ಇಳಿಸಬಹುದು. ಪ್ರೊಸೆಸರಿನ ಹೊರೆಯನ್ನು ಇಳಿಸಲು ಅಷ್ಟು ಅವಕಾಶಗಳಿಲ್ಲ.

ಪರದೆ ಬದಲಾದರೆ ಉತ್ತರವೂ ಬದಲು

ಈಗ ಒಂದು ಲೆಕ್ಕ. ಒಂದು ಆಟದಲ್ಲಿ ಪ್ರತಿ ಫ್ರೇಮಿಗೆ ಪ್ರೊಸೆಸರ್ 12 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, 1080ಪಿ ಪರದೆಯಲ್ಲಿ ಕಾರ್ಡ್ 9 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ನಿಧಾನಿ ಪ್ರೊಸೆಸರ್. ಆದ್ದರಿಂದ ಸೆಕೆಂಡಿಗೆ ಸಿಗುವುದು 83 ಫ್ರೇಮ್. ಕಾರ್ಡಿನ ಯೋಗ್ಯತೆ 111. ಅದು ಪ್ರತಿ ಫ್ರೇಮಿನಲ್ಲೂ 3 ಮಿಲಿಸೆಕೆಂಡ್ ಕೈಕಟ್ಟಿ ಕೂತಿರುತ್ತದೆ.

ಅದೇ ಕಂಪ್ಯೂಟರಿಗೆ 1440ಪಿ ಮಾನಿಟರ್ ಜೋಡಿಸಿ. 1080ಪಿ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿದ್ದರೆ 1440ಪಿಯಲ್ಲಿ 36,86,400, ಅಂದರೆ 1.78 ಪಟ್ಟು. ಕಾರ್ಡಿನ ಕೆಲಸವೂ ಸರಿಸುಮಾರು ಅದೇ ಪ್ರಮಾಣದಲ್ಲಿ ಹೆಚ್ಚಿ 16 ಮಿಲಿಸೆಕೆಂಡಿಗೆ ಬಂತೆನ್ನೋಣ. ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಮೊದಲಿನಷ್ಟೇ, ಏಕೆಂದರೆ ಶತ್ರುಗಳ ಸಂಖ್ಯೆಯಾಗಲಿ ಗುಂಡಿನ ದಾರಿಯಾಗಲಿ ಪಿಕ್ಸೆಲ್‌ಗಳೊಂದಿಗೆ ಹೆಚ್ಚುವುದಿಲ್ಲ. ಈಗ ನಿಧಾನಿ ಕಾರ್ಡ್. ಸಿಗುವುದು ಸೆಕೆಂಡಿಗೆ 62 ಫ್ರೇಮ್.

ಈ ಹಂತದಲ್ಲಿ ಹೊಸ ಪ್ರೊಸೆಸರ್ ಹಾಕಿ, ಅದರ ಸಮಯ 12ರಿಂದ 7.5 ಮಿಲಿಸೆಕೆಂಡಿಗೆ ಇಳಿಯಿತೆನ್ನಿ. 1080ಪಿ ಪರದೆಯವರಿಗೆ ಫ್ರೇಮ್ ದರ 83ರಿಂದ 111ಕ್ಕೆ ಜಿಗಿಯುತ್ತದೆ. 1440ಪಿ ಪರದೆಯವರಿಗೆ 62 ಇದ್ದದ್ದು 62 ಆಗಿಯೇ ಉಳಿಯುತ್ತದೆ. ಪ್ರೊಸೆಸರ್ ಅದೇ, ಕಾರ್ಡ್ ಅದೇ, ಖರ್ಚೂ ಅದೇ. ಒಬ್ಬರಿಗೆ ಮೂರನೇ ಒಂದು ಭಾಗದಷ್ಟು ಲಾಭ, ಇನ್ನೊಬ್ಬರಿಗೆ ಸೊನ್ನೆ. ಕಾರ್ಡ್ ಮತ್ತು ಪ್ರೊಸೆಸರಿನ ಹೆಸರು ಕೇಳಿಕೊಂಡು ‘ಬಾಟಲ್‌ನೆಕ್ ಇಷ್ಟು ಶೇಕಡಾ’ ಎಂದು ಒಂದೇ ಅಂಕಿ ಹೇಳುವ ಲೆಕ್ಕಯಂತ್ರಗಳನ್ನು ನಂಬಬಾರದು ಎನ್ನುವುದು ಇದಕ್ಕೇ. ಪರದೆ ಯಾವುದು, ಆಟ ಯಾವುದು ಎಂದು ತಿಳಿಯದೆ ಹೇಳಿದ ಅಂಕಿಗೆ ಅರ್ಥವಿಲ್ಲ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ತಂತ್ರಗಳು ಈ ಲೆಕ್ಕಕ್ಕೆ ಇನ್ನೊಂದು ತಿರುವು ಕೊಡುತ್ತವೆ. ಕಾರ್ಡ್ ಕಡಿಮೆ ಪಿಕ್ಸೆಲ್‌ಗಳಲ್ಲಿ ಚಿತ್ರ ಬರೆದು, ಆಮೇಲೆ ಅದನ್ನು ಹಿಗ್ಗಿಸುವುದು ಇವುಗಳ ಉಪಾಯ. 1080ಪಿ ಪರದೆಯಲ್ಲಿ ಡಿಎಲ್‌ಎಸ್‌ಎಸ್‌ನ ‘ಕ್ವಾಲಿಟಿ’ ಆಯ್ಕೆ ಒಳಗೊಳಗೆ ಬರೆಯುವುದು 720ಪಿ ಚಿತ್ರವನ್ನು, ಅಂದರೆ ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್‌ಗಳನ್ನು. ಕಾರ್ಡ್ ಹಗುರಾಗುತ್ತದೆ, ಹೊರೆ ಪ್ರೊಸೆಸರಿನ ಕಡೆ ಜಾರುತ್ತದೆ. ರೇ ಟ್ರೇಸಿಂಗ್ ಕೂಡ ಕಾರ್ಡಿಗಷ್ಟೇ ಭಾರ ಎಂಬ ನಂಬಿಕೆಯಿದೆ. ಬೆಳಕಿನ ಕಿರಣ ಯಾವ ವಸ್ತುವಿಗೆ ತಾಗುತ್ತದೆಂದು ಹುಡುಕಲು ಬೇಕಾದ ದೃಶ್ಯದ ನಕ್ಷೆಯನ್ನು ಪ್ರತಿ ಫ್ರೇಮಿನಲ್ಲೂ ಸರಿಪಡಿಸುತ್ತಿರಬೇಕು; ಅದರ ಸಿದ್ಧತೆಯಲ್ಲಿ ಪ್ರೊಸೆಸರಿಗೂ ಗಣನೀಯ ಪಾಲು ಬೀಳುತ್ತದೆ.

ಮೊದಲು ಅಳೆಯಿರಿ

ಹಣ ಬಿಚ್ಚುವ ಮುನ್ನ ಬಾಟಲ್‌ನೆಕ್ ಎಲ್ಲಿದೆಯೆಂದು ನೋಡಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಎಂಎಸ್ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಆಟದ ಮೂಲೆಯಲ್ಲೇ ಕಾರ್ಡಿನ ಬಳಕೆ, ಪ್ರೊಸೆಸರಿನ ಒಂದೊಂದು ಥ್ರೆಡ್ಡಿನ (ಕೆಲಸದ ಎಳೆಯ) ಬಳಕೆ, ಫ್ರೇಮ್ ದರ ಎಲ್ಲವನ್ನೂ ತೋರಿಸುತ್ತದೆ. ಫ್ರೇಮ್ ದರಕ್ಕೆ ಮಿತಿ ಹಾಕುವ ವಿ-ಸಿಂಕ್‌ನಂಥ ಆಯ್ಕೆಗಳನ್ನು ತೆಗೆದು, ನೀವು ದಿನವೂ ಆಡುವ ಆಟದ ಅತಿ ಗಿಜಿಗುಡುವ ಜಾಗಕ್ಕೆ ಹೋಗಿ. ಕಾರ್ಡಿನ ಬಳಕೆ ಶೇ 95ರಿಂದ 99ರಲ್ಲಿ ನಿಂತಿದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. ಅದು ಶೇ 60-70ರಲ್ಲಿ ತೂಗಾಡುತ್ತಿದ್ದರೆ ಕಾರ್ಡಿಗೆ ಕೆಲಸ ಸಾಲುತ್ತಿಲ್ಲ. ಖಾತ್ರಿಯಾಗಬೇಕಿದ್ದರೆ ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿ ನೋಡಿ. ಆಗಲೂ ಫ್ರೇಮ್ ದರ ಏರದಿದ್ದರೆ ತಡೆ ಇರುವುದು ಪ್ರೊಸೆಸರ್ ಬದಿಯಲ್ಲಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಪ್ರೊಸೆಸರಿನ ಒಟ್ಟು ಬಳಕೆ ಶೇ 40 ಎಂದು ಕಂಡಾಗ ‘ಇನ್ನೂ ಅರ್ಧಕ್ಕಿಂತ ಹೆಚ್ಚು ಖಾಲಿಯಿದೆಯಲ್ಲ’ ಎನ್ನಿಸುವುದು ಸಹಜ. ಆದರೆ 12 ಥ್ರೆಡ್‌ಗಳ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಉಸಿರುಕಟ್ಟಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ 8.3 ಮಾತ್ರ. ಆಟದ ಮುಖ್ಯ ಥ್ರೆಡ್ ತುಂಬಿಹೋಗಿದ್ದರೆ ಉಳಿದ ಹನ್ನೊಂದು ಖಾಲಿಯಿದ್ದೂ ಫಲವಿಲ್ಲ. ನೋಡಬೇಕಾದ್ದು ಕಾರ್ಡಿನ ಬಳಕೆಯನ್ನು, ಪ್ರೊಸೆಸರಿನ ಸರಾಸರಿಯನ್ನಲ್ಲ.

ಸರಾಸರಿ ಫ್ರೇಮ್ ದರದ ಜೊತೆಗೆ ‘1% ಲೋ’ ಎಂಬ ಅಂಕಿಯನ್ನೂ ಗಮನಿಸಿ. ಎಲ್ಲಕ್ಕಿಂತ ನಿಧಾನವಾಗಿ ಬಂದ ನೂರರಲ್ಲಿ ಒಂದು ಪಾಲು ಫ್ರೇಮ್‌ಗಳ ವೇಗ ಅದು. ಸರಾಸರಿ 90 ಇದ್ದು ಈ ಅಂಕಿ 35 ಇದ್ದರೆ ಕಣ್ಣಿಗೆ ಕಾಣುವುದು ಆ 35ರ ಜರ್ಕ್. ಹಳೆಯ ಪ್ರೊಸೆಸರಿನ ಆಯಾಸ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ.

ಹಾಗೆಯೇ ಕಾಸು ಖರ್ಚಿಲ್ಲದ ಎರಡು ತಪಾಸಣೆ ಮಾಡಿಕೊಳ್ಳಿ. ರ್‍ಯಾಮ್ ಒಂದೇ ಪಟ್ಟಿಯಿದ್ದರೆ ಡಿಡಿಆರ್4-3200ರಲ್ಲಿ ಸಿಗುವುದು ಸೆಕೆಂಡಿಗೆ 25.6 ಜಿಬಿ ಸಾಗಣೆ. ಎರಡು ಪಟ್ಟಿಗಳನ್ನು ಸರಿಯಾದ ಸ್ಲಾಟುಗಳಲ್ಲಿ ಹಾಕಿದರೆ 51.2 ಜಿಬಿ. ಎರಡನೆಯದು, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆಯನ್ನು ಆನ್ ಮಾಡದಿದ್ದರೆ 3200ರ ರ್‍ಯಾಮ್ 2133 ಅಥವಾ 2400ರ ವೇಗದಲ್ಲೇ ಓಡುತ್ತಿರಬಹುದು. ಪ್ರೊಸೆಸರಿನದೆಂದು ತೋರುವ ಎಷ್ಟೋ ದೋಷಗಳು ಇಷ್ಟರಲ್ಲೇ ಪರಿಹಾರವಾಗುತ್ತವೆ.

ಕೋರ್ ಹೆಚ್ಚಿದ್ದರೆ ಸಾಕೇ?

ಪ್ರೊಸೆಸರೇ ನಿಧಾನಿ ಎಂದು ತೀರ್ಮಾನವಾಯಿತು. ಹಾಗಾದರೆ ಆರು ಕೋರ್ ಬದಲು ಎಂಟು, ಹನ್ನೆರಡು ಕೋರ್ ಕೊಳ್ಳಬೇಕೇ? ಈ ಪ್ರಶ್ನೆಗೆ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಉತ್ತರದ ದಾರಿ ತೋರಿಸಿದ್ದಾರೆ. ಯಾವುದೇ ಕೆಲಸದಲ್ಲಿ ಹಂಚಿಕೊಳ್ಳಬಹುದಾದ ಭಾಗ ಮತ್ತು ಒಂದರ ನಂತರ ಒಂದಾಗಿಯೇ ಮಾಡಬೇಕಾದ ಭಾಗ ಎಂದು ಎರಡಿರುತ್ತವೆ. ಎಷ್ಟೇ ಕೋರ್ ಸೇರಿಸಿದರೂ ಎರಡನೆಯ ಭಾಗ ಕರಗುವುದಿಲ್ಲ.

ಒಂದು ಆಟದ ಫ್ರೇಮಿನಲ್ಲಿ ಶೇ 40ರಷ್ಟು ಕೆಲಸ ಹಂಚಲಾಗದ್ದು ಎಂದು ಊಹಿಸಿ ಲೆಕ್ಕ ಹಾಕೋಣ. ಆರು ಕೋರ್‌ಗಳು ಒಂದು ಕೋರಿಗಿಂತ ಎರಡು ಪಟ್ಟು ವೇಗ ಕೊಡುತ್ತವೆ. ಎಂಟು ಕೋರ್ ಕೊಡುವುದು 2.1 ಪಟ್ಟು. ಹನ್ನೆರಡು ಕೋರ್ 2.2 ಪಟ್ಟು. ಲೆಕ್ಕವಿಲ್ಲದಷ್ಟು ಕೋರ್ ಸುರಿದರೂ 2.5 ಪಟ್ಟು ದಾಟದು. ಆರರಿಂದ ಎಂಟಕ್ಕೆ ಹೋದವರಿಗೆ ಸಿಕ್ಕಿದ್ದು ಶೇ 5. ಅದೇ ಆರು ಕೋರ್‌ಗಳಲ್ಲಿ ಒಂದೊಂದನ್ನೂ ಶೇ 30 ಚುರುಕು ಮಾಡಿದರೆ ಇಡೀ ಕೆಲಸವೇ ಶೇ 30 ಚುರುಕಾಗುತ್ತದೆ. ವಿಡಿಯೊ ಎಡಿಟ್ ಮಾಡುವವರಿಗೆ, ಆಡುತ್ತಲೇ ಲೈವ್ ಕೊಡುವವರಿಗೆ ಹೆಚ್ಚು ಕೋರ್ ನಿಜವಾಗಿ ಬೇಕು. ಆಟವಷ್ಟೇ ಆಡುವವರು ಈ ವರ್ಗದ ಕಾರ್ಡಿನ ಜೊತೆ ಆರು ಕೋರ್, ಹನ್ನೆರಡು ಥ್ರೆಡ್ ಇಟ್ಟುಕೊಂಡು ಒಂದೊಂದು ಕೋರಿನ ಚುರುಕುತನ ನೋಡುವುದು ಲೇಸು.

ಚುರುಕುತನವೆಂದರೆ ಗಿಗಾಹರ್ಟ್ಸ್ ಮಾತ್ರವೂ ಅಲ್ಲ. ರೈಜೆನ್ 5 2600ರ ಗರಿಷ್ಠ ವೇಗ 3.9 ಗಿಗಾಹರ್ಟ್ಸ್; 2022ರಲ್ಲಿ ಬಂದ ರೈಜೆನ್ 5 5600ರದು 4.4. ವ್ಯತ್ಯಾಸ ಶೇ 13 ಮಾತ್ರ. ಆಟದಲ್ಲಿ ಕಾಣುವ ಅಂತರ ಇದಕ್ಕಿಂತ ಬಹಳ ದೊಡ್ಡದು. ಮಿಕ್ಕದ್ದು ಎಲ್ಲಿಂದ ಬಂತು?

ದತ್ತಾಂಶ ಎಷ್ಟು ದೂರದಲ್ಲಿದೆ?

4 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಮಿಡಿತ ಕಾಲು ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಸಾಗುವುದು ಏಳೂವರೆ ಸೆಂಟಿಮೀಟರ್ ದೂರ. ರ್‍ಯಾಮ್‌ನಿಂದ ಒಂದು ದತ್ತಾಂಶ ತರಿಸಿಕೊಳ್ಳಲು ಸುಮಾರು 80 ನ್ಯಾನೋಸೆಕೆಂಡ್ ಬೇಕು, ಅಂದರೆ 320 ಮಿಡಿತಗಳ ಕಾಯುವಿಕೆ. ಪ್ರೊಸೆಸರಿನ ವೇಗ ದಶಕಗಳಿಂದ ಏರಿದಷ್ಟು ಬೇಗ ರ್‍ಯಾಮ್‌ನ ಸ್ಪಂದನೆ ಚುರುಕಾಗಲಿಲ್ಲ. ಕಂಪ್ಯೂಟರ್ ವಿಜ್ಞಾನಿಗಳು ಈ ಕಂದರವನ್ನು ಮೂವತ್ತು ವರ್ಷಗಳಿಂದ ‘ಮೆಮೊರಿ ಗೋಡೆ’ ಎಂದು ಕರೆಯುತ್ತ ಬಂದಿದ್ದಾರೆ.

ಗೋಡೆಯನ್ನು ದಾಟಲು ಪ್ರೊಸೆಸರಿನ ಒಳಗೇ ಪುಟ್ಟ, ಅತಿ ವೇಗದ ಸಂಗ್ರಹಗಳನ್ನು ಇಡುತ್ತಾರೆ. ಇವೇ ಕ್ಯಾಷ್ ಮೆಮೊರಿ. ಎಲ್1, ಎಲ್2, ಎಲ್3 ಎಂದು ಮೂರು ಹಂತ. ಎಲ್3ಯಿಂದ ದತ್ತಾಂಶ ಬರಲು ಹತ್ತು-ಹನ್ನೆರಡು ನ್ಯಾನೋಸೆಕೆಂಡ್ ಸಾಕು. ಆಟಗಳಿಗೆ ಇದು ವಿಶೇಷವಾಗಿ ಮುಖ್ಯ. ವಿಡಿಯೊ ಪರಿವರ್ತನೆಯಂಥ ಕೆಲಸದಲ್ಲಿ ದತ್ತಾಂಶ ಸಾಲಾಗಿ ಬರುತ್ತದೆ, ಮುಂದೇನು ಬೇಕೆಂದು ಊಹಿಸಿ ಮೊದಲೇ ತರಿಸಿಡಬಹುದು. ಆಟದಲ್ಲಿ ಒಬ್ಬ ಶತ್ರುವಿನ ಸ್ಥಿತಿ ಒಂದು ಕಡೆ, ಅವನ ಕೈಯ ಆಯುಧದ ವಿವರ ಇನ್ನೊಂದು ಕಡೆ, ಅವನೆದುರಿನ ಗೋಡೆಯ ವಿವರ ಮತ್ತೊಂದು ಕಡೆ ಚೆದುರಿರುತ್ತವೆ. ಊಹೆ ಕೈಕೊಡುತ್ತದೆ. ಕ್ಯಾಷ್‌ನಲ್ಲಿ ಸಿಗದಿದ್ದಾಗಲೆಲ್ಲ ಕೋರ್ ಕಾಯುತ್ತ ನಿಲ್ಲಬೇಕು.

ರೈಜೆನ್ 5 2600ರಲ್ಲಿ 16 ಎಂಬಿ ಎಲ್3 ಇದೆ. ಆದರೆ ಮೂರು ಮೂರು ಕೋರ್‌ಗಳ ಎರಡು ಗುಂಪುಗಳಿಗೆ 8 ಎಂಬಿಯಂತೆ ಒಡೆದು ಹಂಚಿದೆ. ಒಂದು ಗುಂಪು ಇನ್ನೊಂದರ ಜೊತೆ ಮಾತಾಡಲು ಸುತ್ತುಬಳಸಿನ ದಾರಿ ಹಿಡಿಯಬೇಕು. 2020ರ ನವೆಂಬರಿನಲ್ಲಿ ಬಂದ ‘ಝೆನ್ 3’ ವಿನ್ಯಾಸ ಈ ವಿಭಜನೆ ತೆಗೆದು, ಎಲ್ಲ ಕೋರ್‌ಗಳಿಗೂ ಒಟ್ಟಾಗಿ 32 ಎಂಬಿ ಕೊಟ್ಟಿತು. ಒಂದೇ ಮಿಡಿತದಲ್ಲಿ ಮಾಡುವ ಕೆಲಸವೂ ಹಿಂದಿನ ಪೀಳಿಗೆಗಿಂತ ಸರಾಸರಿ ಶೇ 19ರಷ್ಟು ಹೆಚ್ಚಿತೆಂದು ಎಎಂಡಿ ಹೇಳಿತು. ಅದಕ್ಕೂ ಹಿಂದಿನ ಪೀಳಿಗೆಯ 2600ರಿಂದ ನೇರವಾಗಿ 5600ಕ್ಕೆ ಬರುವವರು ಇಂಥ ಎರಡು ಮೆಟ್ಟಿಲನ್ನು ಒಟ್ಟಿಗೆ ಏರುತ್ತಾರೆ.

ಕ್ಯಾಷ್‌ನ ಮಹತ್ವಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷಿ 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ. ಇದರ ಚಿಪ್ಪಿನ ಬೆನ್ನ ಮೇಲೆ 64 ಎಂಬಿಯ ಇನ್ನೊಂದು ಮೆಮೊರಿ ಚಿಪ್ಪನ್ನು ತಾಮ್ರಕ್ಕೆ ತಾಮ್ರ ಬೆಸೆದು ಕೂರಿಸಿ, ಒಟ್ಟು ಎಲ್3ಯನ್ನು 96 ಎಂಬಿಗೆ ಏರಿಸಿದರು. ಮೇಲೊಂದು ಪದರ ಬಂದದ್ದರಿಂದ ಬಿಸಿ ಮತ್ತು ವೋಲ್ಟೇಜಿನ ಮಿತಿ ಬಿಗಿಯಾಗಿ ಗರಿಷ್ಠ ವೇಗವನ್ನು 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿಸಬೇಕಾಯಿತು. ಹಾಗಿದ್ದೂ ಆಟಗಳಲ್ಲಿ ಇದು ಅದೇ ಕುಟುಂಬದ ಹೆಚ್ಚು ಗಿಗಾಹರ್ಟ್ಸ್‌ನ 5800ಎಕ್ಸನ್ನು ಹಿಂದೆ ಹಾಕಿತು. ಮಿಡಿತ ಕಡಿಮೆಯಾದರೂ ಕಾಯುವಿಕೆ ಕಡಿಮೆಯಾದದ್ದೇ ಗೆಲುವಿನ ಗುಟ್ಟು.   

ಹೆಸರು ಓದುವ ಕಲೆ

ಈಗ ನಮ್ಮ ಬಿ450 ಬೋರ್ಡಿಗೆ ಬರೋಣ. ಅದರಲ್ಲಿ ಪ್ರೊಸೆಸರ್ ಕೂರುವ ಎಎಂಡಿಯ ಎಎಂ4 ಸಾಕೆಟ್ ಬಹಳ ಕಾಲ ಬಾಳಿದ್ದು. 2017ರ ಮೊದಲ ರೈಜೆನ್‌ನಿಂದ ಹಿಡಿದು 5000 ಸರಣಿಯವರೆಗೆ ಅದೇ 1,331 ಪಿನ್‌ಗಳ ಜೋಡಣೆ. 2020ರ ಮೇ ತಿಂಗಳಲ್ಲಿ ಬಿ450 ಬೋರ್ಡುಗಳಿಗೆ ಝೆನ್ 3 ಬೆಂಬಲ ಸಿಗದೆಂದು ಕಂಪನಿ ಹೇಳಿತ್ತು. ಅನೇಕ ಬೋರ್ಡುಗಳ ಬಯೋಸ್ ಚಿಪ್ಪು 16 ಎಂಬಿಯಷ್ಟೇ ಆಗಿದ್ದು, ಎಲ್ಲ ಪ್ರೊಸೆಸರುಗಳ ವಿವರ ಅದರಲ್ಲಿ ಹಿಡಿಸದೆಂಬುದು ಕಾರಣ. ಬಳಕೆದಾರರು ಬಲವಾಗಿ ಆಕ್ಷೇಪಿಸಿದ ಮೇಲೆ ಕೆಲವೇ ದಿನಗಳಲ್ಲಿ ನಿಲುವು ಬದಲಾಯಿತು. 2022ರಲ್ಲಿ ಇನ್ನೂ ಹಳೆಯ ಬಿ350, ಎ320 ಬೋರ್ಡುಗಳಿಗೂ ದಾರಿ ತೆರೆಯಿತು. ಹಾಗಾಗಿ ಬೋರ್ಡ್ ಮತ್ತು ರ್‍ಯಾಮ್ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಅವಕಾಶ ಲಕ್ಷಾಂತರ ಜನರಿಗೆ ಇಂದಿಗೂ ಇದೆ. ಹಣ ಉಳಿಯುತ್ತದೆ, ಇ-ತ್ಯಾಜ್ಯವೂ ತಗ್ಗುತ್ತದೆ.

ಆದರೆ ಪೆಟ್ಟಿಗೆಯ ಮೇಲಿನ ಹೆಸರುಗಳನ್ನು ಜಾಗ್ರತೆಯಿಂದ ಓದಬೇಕು. ರೈಜೆನ್ 5 5500, 5600ಜಿ, 5600, 5600ಎಕ್ಸ್ ನಾಲ್ಕರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. ಮೊದಲಿನ ಎರಡರಲ್ಲಿ ಎಲ್3 ಕ್ಯಾಷ್ 16 ಎಂಬಿ ಮಾತ್ರ. ಕಾರ್ಡಿನೊಡನೆ ದತ್ತಾಂಶ ಸಾಗಿಸುವ ಜೋಡಣೆಯಲ್ಲಿ ಅವು ಪಿಸಿಐ ಎಕ್ಸ್‌ಪ್ರೆಸ್ 3.0 ಪೀಳಿಗೆಗೇ ಸೀಮಿತ. ಕೊನೆಯ ಎರಡರಲ್ಲಿ 32 ಎಂಬಿ, 4.0 ಬೆಂಬಲ. 5600 ಮತ್ತು 5600ಎಕ್ಸ್ ನಡುವೆ ಇರುವುದು 200 ಮೆಗಾಹರ್ಟ್ಸ್ ಅಂತರ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಜಿ ಅಕ್ಷರದ ಪ್ರೊಸೆಸರುಗಳು ಪ್ರತ್ಯೇಕ ಕಾರ್ಡ್ ಇಲ್ಲದವರಿಗಾಗಿ ಮಾಡಿದವು. ಕಾರ್ಡ್ ಇರುವವರು ಅದೇ ಹಣದಲ್ಲಿ ಹೆಚ್ಚು ಕ್ಯಾಷ್ ಇರುವುದನ್ನು ಕೊಳ್ಳುವುದು ಜಾಣತನ.

ಪಿಸಿಐ ಎಕ್ಸ್‌ಪ್ರೆಸ್ ಪೀಳಿಗೆಯ ಮಾತು ಕಾರ್ಡಿನ ಮೇಲೆ ಅವಲಂಬಿತ. ಆರ್‌ಟಿಎಕ್ಸ್ 3060 ಹದಿನಾರು ದಾರಿಗಳನ್ನು ಬಳಸುವ ಕಾರ್ಡ್, 3.0ರಲ್ಲೂ ಸೆಕೆಂಡಿಗೆ ಸುಮಾರು 16 ಜಿಬಿ ಸಾಗಣೆ ಸಿಗುತ್ತದೆ, ಚಿಂತೆಯಿಲ್ಲ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600, ಆರ್‌ಎಕ್ಸ್ 7600 ಕಾರ್ಡುಗಳಲ್ಲಿ ಇರುವುದು ಎಂಟೇ ದಾರಿ. ಬಿ450ರಂಥ 3.0 ಬೋರ್ಡಿನಲ್ಲಿ ಅವಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿಯಷ್ಟೇ ಸಾಗಣೆ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ, ದತ್ತಾಂಶ ರ್‍ಯಾಮ್‌ಗೆ ಹೋಗಿಬರುವ ಸ್ಥಿತಿ ಬಂದಾಗ ಈ ಇಕ್ಕಟ್ಟು ಜರ್ಕ್ ಆಗಿ ಕಾಣಿಸಿಕೊಳ್ಳುತ್ತದೆ. ಅಂಥವರು ಟೆಕ್ಸ್‌ಚರ್ ಸೆಟ್ಟಿಂಗನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಕು.

ಬೋರ್ಡೇ ಬದಲಿಸಬೇಕಾದಾಗ

ಇಂಟೆಲ್ ಬಳಸುವವರ ದಾರಿ ಬೇರೆ. ಅಲ್ಲಿ ಸಾಕೆಟ್‌ಗಳು ಬೇಗ ಬೇಗ ಬದಲಾಗಿವೆ. 6 ಮತ್ತು 7ನೇ ಪೀಳಿಗೆಯ ಬೋರ್ಡುಗಳಿಗೂ 8 ಮತ್ತು 9ನೇ ಪೀಳಿಗೆಯ ಬೋರ್ಡುಗಳಿಗೂ ಪಿನ್ ಸಂಖ್ಯೆ 1,151 ಎಂದು ಒಂದೇ ಇದ್ದರೂ ವಿದ್ಯುತ್ ಜೋಡಣೆ ಬೇರೆ. ಒಂದರದು ಇನ್ನೊಂದರಲ್ಲಿ ಓಡದು. ನಾಲ್ಕು ಕೋರ್, ನಾಲ್ಕು ಥ್ರೆಡ್‌ನ ಹಳೆಯ ಐ5 ಇರುವವರಿಗೆ ಇಂದಿನ ಆಟಗಳಲ್ಲಿ ಉಸಿರಾಡುವುದೇ ಕಷ್ಟ. ಅವರು ಹಳೆಯ ಬೋರ್ಡಿಗಾಗಿ ಸೆಕೆಂಡ್ ಹ್ಯಾಂಡ್ ಐ7 ಹುಡುಕಿ ಹಣ ಹಾಕುವುದಕ್ಕಿಂತ ಬೋರ್ಡ್ ಸಮೇತ ಬದಲಿಸುವುದು ಮೇಲು.

2022ರ ಜನವರಿಯಲ್ಲಿ ಬಂದ ಕೋರ್ ಐ5-12400ಎಫ್ ಇಂಥವರಿಗೆ ಒಳ್ಳೆಯ ಆಯ್ಕೆ. ಆರು ಕೋರ್, ಹನ್ನೆರಡು ಥ್ರೆಡ್, 18 ಎಂಬಿ ಎಲ್3. ಎಫ್ ಅಕ್ಷರ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಕಾರ್ಡ್ ಇರುವವರಿಗೆ ಅದು ಬೇಕಾಗಿಯೂ ಇಲ್ಲ. ಇದರ ಸಾಕೆಟ್‌ಗೆ ಡಿಡಿಆರ್4 ಬೋರ್ಡುಗಳೂ ಇರುವುದರಿಂದ ಕೈಯಲ್ಲಿರುವ ಡಿಡಿಆರ್4 ರ್‍ಯಾಮನ್ನು ಮುಂದುವರಿಸಬಹುದು. ಎಎಂಡಿಯ ಹೊಸ ಎಎಂ5 ಸಾಕೆಟ್‌ಗೆ ಹೋಗುವವರು ರ್‍ಯಾಮನ್ನೂ ಡಿಡಿಆರ್5ಗೆ ಬದಲಿಸಲೇಬೇಕು. ಮುಂದೆ ಕಾರ್ಡನ್ನೂ ಮೇಲ್ದರ್ಜೆಗೆ ಒಯ್ಯುವ ಯೋಚನೆ ಇದ್ದವರಿಗೆ ಮಾತ್ರ ಆ ಖರ್ಚು ಸಾರ್ಥಕ.

ಬದಲಿಸುವ ದಿನ

ಪ್ರೊಸೆಸರ್ ಬದಲಿಸುವುದು ಕಷ್ಟದ ಕೆಲಸವಲ್ಲ. ಕ್ರಮ ತಪ್ಪಬಾರದು ಅಷ್ಟೆ. ಮೊದಲು ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ. ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮ ಬೋರ್ಡಿನ ಪೂರ್ತಿ ಮಾಡೆಲ್ ಸಂಖ್ಯೆ ಹಾಕಿ, ಯಾವ ಆವೃತ್ತಿಯಿಂದ ಹೊಸ ಪ್ರೊಸೆಸರಿಗೆ ಬೆಂಬಲವಿದೆಯೆಂದು ನೋಡಿ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು. ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಭದ್ರತಾ ಕೀಲಿ ಪ್ರೊಸೆಸರಿನೊಳಗೇ ಇರುವುದರಿಂದ ಅದು ಬದಲಾದಾಗ ವಿಂಡೋಸ್ ಆ ಕೀ ಕೇಳಬಹುದು.

ಎಎಂ4 ಪ್ರೊಸೆಸರಿನಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ. ಒಣಗಿದ ಥರ್ಮಲ್ ಪೇಸ್ಟ್ ಅಂಟಿಕೊಂಡಿದ್ದರೆ ಕೂಲರ್ ಎಳೆದಾಗ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತುಬಂದು ಪಿನ್ ಬಾಗಬಹುದು. ಕೂಲರ್ ಬಿಚ್ಚುವ ಮುನ್ನ ಸ್ವಲ್ಪ ಹೊತ್ತು ಆಟ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಮೇಲಕ್ಕೆ ಎಳೆಯುವ ಬದಲು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿ.

ರೈಜೆನ್ 5 5600ರ ಪೆಟ್ಟಿಗೆಯಲ್ಲಿ ಕೂಲರ್ ಬರುತ್ತದೆ. 5700ಎಕ್ಸ್, 5700ಎಕ್ಸ್3ಡಿ, 5800ಎಕ್ಸ್3ಡಿಗಳಿಗೆ ಪ್ರತ್ಯೇಕ ಕೂಲರ್ ಕೊಳ್ಳಬೇಕು. ಬೆಲೆ ಹೋಲಿಸುವಾಗ ಅದನ್ನೂ ಸೇರಿಸಿಕೊಳ್ಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಕ್ಯಾಬಿನೆಟ್ಟಿನ ಗಾಳಿಯಾಟ ಚೆನ್ನಾಗಿರಲೇಬೇಕು. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಕೊಟ್ಟ ದುಡ್ಡಿನ ಒಂದು ಪಾಲು ಬಿಸಿಯಲ್ಲೇ ಹೋಗುತ್ತದೆ. ಎಸ್‌ಎಂಪಿಎಸ್ ವಿಷಯದಲ್ಲಿ ಆತಂಕ ಬೇಡ. ಕಾರ್ಡಿನ 170 ವಾಟ್, ಪ್ರೊಸೆಸರಿನ 65 ವಾಟ್‌ಗೆ ಒಳ್ಳೆಯ ಕಂಪನಿಯ 550 ವಾಟ್ ಧಾರಾಳವಾಗಿ ಸಾಕು.

ಯಾರಿಗೆ ಯಾವುದು?

ಆರ್‌ಟಿಎಕ್ಸ್ 3060 ಅಥವಾ ಅದೇ ವರ್ಗದ ಕಾರ್ಡ್, ಎಎಂ4 ಬೋರ್ಡ್, 1080ಪಿ ಪರದೆ ಇದ್ದು ಈಗಿರುವುದು ರೈಜೆನ್ 1000 ಅಥವಾ 2000 ಸರಣಿಯಾದರೆ ರೈಜೆನ್ 5 5600 ಹಾಕಿ. ಹಾಕಿದ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಅದೇ. 144 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್‌ನಂಥ ವೇಗದ ಆಟಗಳನ್ನು ಆಡುವವರು, ಸಿಟೀಸ್: ಸ್ಕೈಲೈನ್ಸ್ 2, ಫ್ಯಾಕ್ಟೋರಿಯೊ, ಫ್ಲೈಟ್ ಸಿಮ್ಯುಲೇಟರ್‌ನಂಥ ಲೆಕ್ಕಭಾರದ ಆಟಗಳಲ್ಲಿ ಮುಳುಗುವವರು ಎಕ್ಸ್3ಡಿ ಪ್ರೊಸೆಸರ್ ಸರಿಯಾದ ಬೆಲೆಗೆ ಸಿಕ್ಕರೆ ಹಾಕಿಸಿಕೊಳ್ಳಲಿ. ರೈಜೆನ್ 5 3600 ಇದ್ದು 60 ಹರ್ಟ್ಸ್ ಪರದೆಯಲ್ಲಿ ಆಡುವವರಿಗೆ ಸದ್ಯಕ್ಕೆ ಏನೂ ಬೇಡ. 1440ಪಿ ಪರದೆಯಲ್ಲಿ ಸೆಟ್ಟಿಂಗ್ ಏರಿಸಿ ಕಥಾಪ್ರಧಾನ ಆಟಗಳನ್ನು ನಿಧಾನವಾಗಿ ಸವಿಯುವವರು ಪ್ರೊಸೆಸರಿಗೆ ಮೀಸಲಿಟ್ಟ ಹಣವನ್ನು ಮುಂದಿನ ಕಾರ್ಡಿಗೆ ಕೂಡಿಡಲಿ.

ಈ ಸಾಲುಗಳಲ್ಲಿ ನೀವು ಯಾವುದಕ್ಕೆ ಸೇರುತ್ತೀರೆಂದು ಅಂಗಡಿಯವರು ಹೇಳಲಾರರು, ಜಾಹೀರಾತೂ ಹೇಳದು. ನಿಮ್ಮದೇ ಪರದೆಯ ಮೂಲೆಯಲ್ಲಿ ಕಾಣುವ ಕಾರ್ಡಿನ ಬಳಕೆಯ ಅಂಕಿ ಹೇಳುತ್ತದೆ. ಅದನ್ನು ಈ ವಾರವೇ ಒಮ್ಮೆ ನೋಡಿಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ.